ಬಾಣಂತನಕ್ಕೆ ಬಂದವರು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ಮೂಗು ಮುರಿಯುವವಳು ನಾನೇ. ಹುಣಸೆ ಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದು ನಡುಗಿದವರಿಗೆ, "ಯಾರದೋ ಮಡಿ ಸೀರೆ ಗಾಳಿಗೆ ಹಾರಿ ಬಂದಿರಬೇಕು, ಎತ್ತಿ ತಂದು ಕೊಡಬಾರದಿತ್ತೇ?" ಎಂದು ಕೇಳಿದವಳು. ಈಗ ಮೊಮ್ಮಕ್ಕಳಾಗಿದ್ದಾರೆ, ಹಲ್ಲು ಬಿದ್ದಿವೆ, ಬುದ್ಧಿ ಮಾತ್ರ ಹಾಗೆಯೇ ಇದೆ. ಮಂತ್ರಿಸಿದ ತಾಯಿತ ತಂದುಕೊಟ್ಟರೆ ಇಸಿದುಕೊಂಡು ಅಕ್ಕಿ ಡಬ್ಬಕ್ಕೆ ಹಾಕಿಬಿಡುತ್ತೇನೆ.

ಆದರೂ ಒಂದು ಸಂಗತಿಯ ಮುಂದೆ ನನ್ನ ಜಾಣತನವೆಲ್ಲ ನಿಂತುಹೋಗುತ್ತದೆ. ಮದರಾಸಿನಲ್ಲಿ, ನಮ್ಮ ಹಿರಿಯ ಮಗಳು ಹುಟ್ಟಿದಾಗ ನಡೆದದ್ದು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಬಣ್ಣ ಹಚ್ಚಲು ನನಗೆ ಬರುವುದೂ ಇಲ್ಲ.

ನಮ್ಮ ಊರು ಕುಂದಾಪುರದ ಹತ್ತಿರ. ನಾನು ಇನ್ನೂ ಅಕ್ಷರ ಕಲಿಯುವ ಮೊದಲೇ ಅಮ್ಮ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಕೈ ನೆನಪಿದೆ, ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ತಿಕ್ಕುತ್ತಿದ್ದ ಹೆಬ್ಬೆರಳು ನೆನಪಿದೆ. ಅವಳದೆಂದು ನನಗೆ ಉಳಿದದ್ದು ಒಂದು ಅವಲಕ್ಕಿ ಸರ. ಅವಲಕ್ಕಿಯ ಹಾಗೆ ತೆಳ್ಳಗೆ ತಟ್ಟಿದ ಚಿನ್ನದ ತುಣುಕುಗಳನ್ನು ಪೋಣಿಸಿದ ಸರ. ಮದುವೆಯ ದಿನ ಅಪ್ಪಯ್ಯ ಅದನ್ನು ನನ್ನ ಕೈಗೆ ಕೊಟ್ಟು ಆಚೆ ಹೋಗಿಬಿಟ್ಟಿದ್ದರು.

ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಗುಮಾಸ್ತೆ ಕೆಲಸ. ಮೈಲಾಪುರದಲ್ಲಿ ಕೊಳದ ಹಿಂದಿನ ಬೀದಿಯಲ್ಲಿ ಒಂದು ಉದ್ದನೆಯ ಹೆಂಚಿನ ಮನೆ. ಒಂದೊಂದು ಸಂಸಾರಕ್ಕೆ ಒಂದೊಂದು ಪೋರ್ಷನ್, ಎಲ್ಲರಿಗೂ ಸೇರಿ ಒಂದೇ ಬಾವಿ, ಬೀದಿಯ ಕಡೆಗೆ ಒಂದು ಜಗಲಿ. ಪಕ್ಕದ ಪೋರ್ಷನ್ನಿನಲ್ಲಿ ಪಂಕಜಂ ಮಾಮಿ. ನಮ್ಮ ಒಗ್ಗರಣೆಯ ಸದ್ದಿನಿಂದಲೇ ಇವತ್ತು ಏನು ಸಾರು ಎಂದು ಹೇಳಬಲ್ಲ ಹೆಂಗಸು. ಒಳ್ಳೆಯ ಜೀವ.

ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪದ್ಧತಿ. ಹೋಗಲು ನನಗೆ ತವರೆಲ್ಲಿತ್ತು? ಅಪ್ಪಯ್ಯ ಒಬ್ಬರೇ ಗಂಜಿ ಬೇಯಿಸಿಕೊಂಡು ಇದ್ದರು. ನನ್ನನ್ನು ಸಾಕಿದ ಸೋದರತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಯಜಮಾನರ ತಾಯಿ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಆದರೆ ಆ ಕಡೆ ಅತ್ತೆಯಂದಿರು, ಚಿಕ್ಕಮ್ಮಂದಿರು ಬೇಕಾದಷ್ಟು. ಯಾರನ್ನಾದರೂ ಬಾಣಂತನಕ್ಕೆ ಕಳಿಸಿ ಎಂದು ಯಜಮಾನರು ಎರಡೂ ಕಡೆಗೆ ಬರೆದರು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಮಗುವನ್ನೆತ್ತಿಕೊಂಡು ಮನೆಗೆ ಬಂದಾಗಲೂ ಯಾರೂ ಬಂದಿರಲಿಲ್ಲ.

ಆ ಮೊದಲ ದಿನಗಳಲ್ಲಿ ನನಗೆ ಹಾಲು ಸರಿಯಾಗಿ ಬರುತ್ತಿರಲಿಲ್ಲ. ಮಗು ಬಾಯಿಟ್ಟು, ಬಿಟ್ಟು, ಅಳುತ್ತಿತ್ತು. ನಾನೂ ಜೊತೆಗೆ ಅಳುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಮಾಮಿ ಬಂದು ಬಿಸಿನೀರು ಕೊಟ್ಟು ಹೋಗುತ್ತಿದ್ದಳು. ಆದರೆ ಅವಳಿಗೂ ಮನೆ ತುಂಬ ಜನ, ಎಷ್ಟೆಂದು ಮಾಡಿಯಾಳು? ಈ ಮಗು ಉಳಿಯುವುದಿಲ್ಲ, ನಾನೂ ಅಮ್ಮನ ದಾರಿಯನ್ನೇ ಹಿಡಿಯುತ್ತೇನೆ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಅವರು ಬಂದರು.

ಐವತ್ತರ ಆಚೆಈಚೆಯ ವಯಸ್ಸು. ತುಂಬಿದ ಮೈ, ಬೆಲ್ಲದ ಬಣ್ಣದ ನೂಲಿನ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಗಂಟು, ಕಂಕುಳಲ್ಲಿ ತೆಂಗಿನೆಣ್ಣೆಯ ಬಾಟಲಿ. ಚಪ್ಪಲಿ ಇಲ್ಲದ ಕಾಲನ್ನು ಬಾವಿಕಟ್ಟೆಯಲ್ಲಿ ತೊಳೆದುಕೊಂಡು, ಸ್ವಂತ ಮನೆಗೆ ಬಂದವರ ಹಾಗೆ ನೇರ ಒಳಗೆ ಬಂದರು.

"ಬಾಣಂತಿ ಎಲ್ಲಿದ್ಳ್? ಮಗು ಎಂತಕ್ ಅಷ್ಟ್ ಮರ್ಕುದ್?"

ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತಾರೆ. ಮದರಾಸಿಗೆ ಬಂದ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಅದೊಂದನ್ನು ಕೇಳಿದ್ದೇ ನಾನು ಗೊಳೋ ಎಂದು ಅತ್ತೆ. ಅವರು ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯನ್ನು ನನ್ನ ಹಣೆಗಿಟ್ಟರು.

"ಹೆಣ್ಣೇ, ಸಾಕ್ ಮಾಡ್. ನಾ ಬಂದೆ ಅಲ್ದಾ? ದೊಡ್ಡಮ್ಮ ಅಂದೇಳಿ ಕರಿ."

ಇಲ್ಲಿಯೇ ನೋಡಿ ನಮ್ಮಂಥವರು ಮಾತ್ರ ಮಾಡುವ ತಪ್ಪು ನಡೆದದ್ದು. ಅವರು ಯಜಮಾನರ ಕಡೆಯವರು ಎಂದು ನಾನು ತಿಳಿದೆ. ನನ್ನ ಕಡೆಯವರು ಎಂದು ಯಜಮಾನರು ತಿಳಿದರು. ಬಂದ ಹಿರಿಯರನ್ನು ನೀವು ಯಾರು, ಯಾರ ಪೈಕಿ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವುದುಂಟೇ? ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ, 'ನಿನ್ನ ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲವಲ್ಲ' ಎಂಬ ಮಾತು ಬರುತ್ತದೆಂದು ನನಗೆ ಭಯ. ಕೇಳಿದರೆ ತವರಿಲ್ಲದವಳ ಮನಸ್ಸು ನೋಯಿಸಿದ ಹಾಗಾಗುತ್ತದೆಂದು ಅವರಿಗೆ ಸಂಕೋಚ. "ಪುಣ್ಯಕ್ಕೆ ಬಂದರು" ಎಂದರು ಅವರು. "ಹೂಂ" ಎಂದೆ ನಾನು. ಅಲ್ಲಿಗೆ ಮುಗಿಯಿತು. ಮಾಮಿ ಒಮ್ಮೆ ಗೋಡೆಯ ಮೇಲಿನಿಂದ ಇಣುಕಿ, "ಯಾರುಡೀ? ಉನ್ ಮಾಮಿಯಾರ್ ಮನುಷಾಳಾ?" ಎಂದು ಕೇಳಿದಳು, ನಿನ್ನ ಅತ್ತೆಮನೆಯವರಾ ಎಂದು. ಹೌದೆಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ನನಗೆ ಎಣ್ಣೆ ಹಚ್ಚಿದರು. ಹಂಡೆಯ ತುಂಬ ಸುಡುವ ನೀರು ಕಾಯಿಸಿ ಎರೆದರು. ಆಮೇಲೆ ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದರು. ನಾನು ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನೋಡುತ್ತ ಕೂತಿದ್ದೆ. ಮಗುವಿನ ನೆತ್ತಿಗೆ ಉಫ್ ಎಂದು ಊದಿ ಅವರು ದೃಷ್ಟಿ ತೆಗೆದರು.

"ಕಾಕಿ ಕಣ್ಣ್, ನರಿ ಕಣ್ಣ್, ಬಂದೋರ್ ಕಣ್ಣ್, ಹೋದೋರ್ ಕಣ್ಣ್, ಎಲ್ಲ ಒಲಿಗೆ ಬೀಳ್ಲಿ. ಸಾವ್ಕಾರ್ತಿ ಕಣ್ಣ್ ಮಾತ್ರ ನಮ್ಮನಿಗ್ ಇರ್ಲಿ."

ಸಾವ್ಕಾರ್ತಿ ಎಂದರೆ ನಮ್ಮ ಮನೆಯ ಒಂದು ದನ. ಕಣ್ಣು ಈ ಅಗಲ. ಹುಲ್ಲು ಮುಂದೆ ತಂದು ಹಾಕುವವರೆಗೆ ಏಳುತ್ತಿರಲಿಲ್ಲ, ಸಾಹುಕಾರರ ಹೆಂಡತಿಯ ಹಾಗೆ. ಅದಕ್ಕೇ ಅಮ್ಮ ಅದನ್ನು ಹಾಗೆ ಕರೆಯುತ್ತಿದ್ದಳು. ಮಗಳಿಗೂ ಅಂಥ ಕಣ್ಣಾಗಲಿ ಎಂದು ದೃಷ್ಟಿ ತೆಗೆಯುವಾಗ ಕೊನೆಗೆ ಆ ಮಾತು ಸೇರಿಸುತ್ತಿದ್ದಳು. ಅಮ್ಮ ಹೋದ ಮೇಲೆ ನಾನು ಅದನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ನನಗೇ ಮರೆತುಹೋಗಿತ್ತು.

ಕೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡದೆ, "ತಲಿ ಒರ್ಸ್ಕೋ ಹೆಣ್ಣೇ, ಶೀತ ಆತ್ತ್" ಎಂದರು. ನಾನು ತಲೆ ಒರೆಸಿಕೊಂಡೆ. ಯಾಕೆ ಕೇಳಲಿಲ್ಲ ಎಂದರೆ, ನಿಜ ಹೇಳುತ್ತೇನೆ, ಉತ್ತರ ಸಿಕ್ಕಿ ಅವರು ಎದ್ದು ಹೊರಟುಬಿಟ್ಟರೆ ಎಂದು ಹೆದರಿದೆ.

ಆ ಸಂಜೆ ನನಗೆ ಜ್ವರ ಬಂತು. ದಿನ ಕಳೆದಂತೆ ಏರಿತು. ವೈದ್ಯರು ಬಂದು ಔಷಧಿ ಕೊಟ್ಟು ಹೋಗುತ್ತಿದ್ದರು. ಉಳಿದದ್ದೆಲ್ಲ ದೊಡ್ಡಮ್ಮನದೇ. ಕಣ್ಣು ಬಿಟ್ಟಾಗಲೆಲ್ಲ ಅವರ ಬೆನ್ನು ಕಾಣುತ್ತಿತ್ತು. ಬತ್ತಿಯನ್ನು ಹಾಲಲ್ಲಿ ಅದ್ದಿ ಮಗುವಿನ ಬಾಯಿಗೆ ಹನಿಸುತ್ತಿದ್ದರು. ಜ್ವರ ಇಳಿದ ಮೇಲೆ ಮೆಂತೆಯ ಗಂಜಿ, ಓಮದ ಕಷಾಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಬೆಳ್ಳುಳ್ಳಿಯನ್ನು ಹೊಸಿಲು ದಾಟಿಸದ ಮನೆ ನಮ್ಮದು. ಯಜಮಾನರು ಕೆಮ್ಮಿದರು, ಸೆರಗಿಲ್ಲದ ಗಂಡಸು, ಪಂಚೆಯ ತುದಿಯನ್ನೇ ಮೂಗಿಗೆ ಹಿಡಿದರು.

"ವಾಸ್ನಿ ಆದ್ರೆ ಆಚಿಗ್ ಹೋಯ್ ಕೂಕಣಿ" ಎಂದು ದೊಡ್ಡಮ್ಮ ಅವರನ್ನು ಆಚೆ ಕೂರಿಸಿದರು. "ಹಾಲ್ ಬಪ್ಪುದ್ ಇದ್ರಿಂದ. ನಿಮ್ಮ್ ಮಡಿಯಿಂದ ಅಲ್ಲ."

ಹಾಲು ಬಂತು. ಮಗು ಹೊಟ್ಟೆ ತುಂಬ ಕುಡಿದು ಮೊದಲ ಸಲ ಗೊರಕೆ ಹೊಡೆಯಿತು. ನಾವು ಮೂವರೂ ಸುಮ್ಮನೆ ಕೂತು ಅದನ್ನೇ ಕೇಳಿದೆವು.

ಇನ್ನೊಂದು ಸಣ್ಣ ಸಂಗತಿ. ಒಂದು ಮಧ್ಯಾಹ್ನ ನಾನು ಒಳಗೆ ಮಲಗಿದ್ದಾಗ ಜಗಲಿಯಲ್ಲಿ ದೊಡ್ಡಮ್ಮ ಯಾರ ಜೊತೆಗೋ ಮಾತಾಡುವುದು ಕೇಳಿಸಿತು. ಆಮೇಲೆ ಒಳಗೆ ಬಂದು ಬಾಳೆಲೆ, ಗಂಜಿ ತೆಗೆದುಕೊಂಡು ಹೋದರು. ಯಾರದು ಎಂದೆ. "ಯಾರೋ ದಾರಿ ತಪ್ಪಿ ಬಂದಿದ್ಳ್. ಹಸ್ದಿದ್ಳ್. ಉಂಡ್ ಹೋಯ್ಲಿ ಅಂದೆ" ಎಂದರು. ನಾನು ಅದನ್ನು ಅಲ್ಲಿಗೇ ಮರೆತೆ.

ಜ್ವರದಿಂದಾಗಿ ನಾಮಕರಣ ಮುಂದಕ್ಕೆ ಹೋಗಿ ತಿಂಗಳು ತುಂಬುವ ಹೊತ್ತಿಗೆ ಆಯಿತು. ಊರಿಂದ ಅಪ್ಪಯ್ಯ ಬಂದರು. ದೊಡ್ಡಮ್ಮ ಬೆಳಿಗ್ಗೆಯಿಂದ ಅಡುಗೆಮನೆಯ ಹೊಗೆಯಲ್ಲೇ ಇದ್ದರು, ಹೊರಗೆ ಮುಖ ತೋರಿಸಲೇ ಇಲ್ಲ. ನಾನು ಅವಲಕ್ಕಿ ಸರ ಹಾಕಿಕೊಂಡು ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತೆ. ಹೆಸರಿಡುವುದು ಮುಗಿಯಿತು. ಸರದ ಅಂಚು ಮಗುವಿನ ಕೆನ್ನೆಗೆ ಚುಚ್ಚಿ ಅದು ಕಿರುಚಿತು. ಒಳಗೆ ಹೋಗಿ ಸರ ಬಿಚ್ಚಿ, ಪೆಟ್ಟಿಗೆಯ ಬೀಗದ ಕೈ ಸಮೇತ ದೊಡ್ಡಮ್ಮನಿಗೆ ಕೊಟ್ಟು, ಒಳಗಿಡಿ ಎಂದೆ. ಸ್ವಲ್ಪ ಹೊತ್ತಿಗೆ ಅವರು ಬಂದು ಬೀಗದ ಕೈಯನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು. ಹಾಕಿ, ಗಂಟನ್ನು ಒಮ್ಮೆ ಎಳೆದು ನೋಡಿದರು.

ಊಟಕ್ಕೆ ಎಲೆ ಹಾಕಿದ್ದಾಯಿತು. ಅಪ್ಪಯ್ಯ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟವರು ಕೈ ತಡೆದರು. "ಅಡಿಗಿ ಯಾರ್ ಮಾಡಿದ್?" ಎಂದರು. ದೊಡ್ಡಮ್ಮನನ್ನು ಕರೆಯಲು ಹೋದರೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಗಂಟಿಲ್ಲ, ಎಣ್ಣೆಯ ಬಾಟಲಿಯಿಲ್ಲ. ಒಲೆ ಮಾತ್ರ ಗುಡಿಸಿ ಸಾರಿಸಿತ್ತು.

ಸಂಜೆಯವರೆಗೆ ಕಾದೆವು. ಕೊನೆಗೆ ಅಪ್ಪಯ್ಯನೇ ಯಜಮಾನರಿಗೆ ಹೇಳಿದರು: "ನಿಮ್ ಕಡಿಯೋರ್ ನನ್ ಮಗ್ಳನ್ನ ಲಾಯ್ಕ್ ಮಾಡಿ ನೋಡ್ಕಂಡ್ರ್. ಹೇಳ್ದೆ ಹೋದ್ದ್ ಎಂತಕೋ."

ಯಜಮಾನರು ನನ್ನ ಮುಖ ನೋಡಿದರು. "ನಮ್ಮ ಕಡೆಯವರೇ? ನೀವು ಕಳಿಸಿದವರಲ್ಲವೇ ಮಾವಯ್ಯ?"

"ನಾನಾ? ನಂಗೆ ಒಬ್ರೂ ಸಿಕ್ಕಲೇ ಇಲ್ಲೆ ಮಾರಾಯ್ರೇ!"

ಗೋಡೆಯಾಚೆಯಿಂದ ಮಾಮಿ ಓಡಿ ಬಂದಳು. ಹತ್ತಿರದ ತಿರುವಲ್ಲಿಕ್ಕೇಣಿಯಲ್ಲಿ ನಮ್ಮ ಕಡೆಯ ಒಬ್ಬ ಹೋಟೆಲಿನವರ ಮನೆಗೆ ಹೀಗೆಯೇ ಬಾಣಂತನಕ್ಕೆಂದು ಒಬ್ಬಳು ಬಂದು, ಎರಡೂ ಕಡೆಯವರನ್ನು ನಂಬಿಸಿ, ನಾಮಕರಣದ ದಿನ ಒಡವೆ ಗಂಟು ಕಟ್ಟಿಕೊಂಡು ಹೋದಳಂತೆ. ಪೊಲೀಸರು ಹುಡುಕುತ್ತಿದ್ದಾರಂತೆ. ಮಾಮಿಗೆ ಅದು ಗೊತ್ತಿತ್ತು. ನಮ್ಮ ದೊಡ್ಡಮ್ಮನ ಮೇಲೆ ಅನುಮಾನ ಅವಳಿಗೂ ಬಂದಿರಲಿಲ್ಲ.

"ಪೆಟ್ಟಿಗೆ ತೆಗೆ" ಎಂದರು ಯಜಮಾನರು.

ನಾನು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದೆ. "ತೆಗೆಯುವುದಿಲ್ಲ."

"ಹುಚ್ಚಾ ನಿನಗೆ? ಹೋಗಿದ್ದರೆ ದೂರು ಕೊಡಬೇಡವಾ?"

ಸರ ಹೋದರೆ ಹೋಗಲಿ ಎಂದಲ್ಲ. ಪೆಟ್ಟಿಗೆ ಮುಚ್ಚಿರುವಷ್ಟು ಹೊತ್ತು ಅವರು ಕಳ್ಳಿಯಲ್ಲ. ತೆರೆದು ಅದು ಖಾಲಿ ಇದ್ದರೆ, ನನಗೆ ಎಣ್ಣೆ ಹಚ್ಚಿದ ಕೈ, ಮಗುವಿಗೆ ಹಾಲು ಹನಿಸಿದ ಕೈ, ಎಲ್ಲ ಸುಳ್ಳಾಗುತ್ತದೆ. ಅಮ್ಮ ಹೋದ ಮೇಲೆ ಒಂದೇ ಒಂದು ಸಲ ನನಗೆ ತಾಯಿ ಸಿಕ್ಕಿದ್ದಳು. ಅದನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಹಾಗೆಂದು ಅಳುತ್ತ ಹೇಳಿದೆ. ಅಪ್ಪಯ್ಯ, "ಬಿಡಿ ಅಳಿಯಂದ್ರೇ, ಇವತ್ ಬ್ಯಾಡ" ಎಂದರು.

ಆಗ ಅಪ್ಪಯ್ಯನಿಗೆ ಸಾವ್ಕಾರ್ತಿಯ ಮಾತು ಹೇಳಿದೆ. ಅವರು ಬಗ್ಗಿ ಮಗುವಿನ ಕಣ್ಣು ನೋಡಿದರು. "ಆ ದನಕ್ಕ್ ನಾವೆಲ್ಲ ಕರೀತಿದ್ದದ್ದ್ ಗಂಗೆ ಅಂದೇಳಿ" ಎಂದರು. "ಸಾವ್ಕಾರ್ತಿ ಅಂದೇಳಿ ಕರೀತಿದ್ದದ್ದ್ ನಿನ್ನಮ್ಮ ಒಬ್ಳೇ. ಅದೂ ಹಟ್ಟಿಯೊಳಗೆ, ಇಲ್ದಿದ್ರೆ ನಿಂಗ್ ದೃಷ್ಟಿ ತೆಗೂವಾಗ, ಹೊರ್ಗಿನೋರ್ ಯಾರೂ ಇಲ್ದಿದ್ದಾಗ."

ಜ್ವರದಲ್ಲಿ ನೀನೇ ಬಡಬಡಿಸಿರಬೇಕು, ಅವಳು ಕೇಳಿಸಿಕೊಂಡಿರಬೇಕು ಎಂದರು ಯಜಮಾನರು. ಕೊನೆಯವರೆಗೂ ಹಾಗೆಯೇ ಹೇಳುತ್ತಿದ್ದರು. ಆದರೆ ಆ ಮಾತು ಬಂದದ್ದು ಬೆಳಿಗ್ಗೆ, ಜ್ವರ ಬಂದದ್ದು ಸಂಜೆ. ಇದೊಂದರಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು.

ಮುಂದಿನ ಎರಡು ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪೊಲೀಸರು ಒಂದು ಹೆಂಗಸನ್ನು ಕರೆದುಕೊಂಡು ಬಂದರು. ತಿರುವಲ್ಲಿಕ್ಕೇಣಿಯ ಆ ಒಡವೆ ಅಡವಿಡಲು ಹೋದಾಗ ಸಿಕ್ಕಿಬಿದ್ದಿದ್ದಳಂತೆ. ತಾನು ಹೋದ ಮನೆಗಳನ್ನೆಲ್ಲ ತೋರಿಸುತ್ತ, ನಮ್ಮ ಬಾಗಿಲನ್ನೂ ತೋರಿಸಿದ್ದಳು. ನಾನು ಮಗುವನ್ನೆತ್ತಿಕೊಂಡು ಒಳಗೇ ನಿಂತೆ. ಯಜಮಾನರು, "ಇಲ್ಲಿ ಬಾ, ಒಮ್ಮೆ ನೋಡು" ಎಂದು ಮೆತ್ತಗೆ ಕರೆದರು.

ಜಗಲಿಯ ಮೇಲೆ ಕೂತಿದ್ದವಳು ಬೇರೆಯವಳು.

ಕಡ್ಡಿಯಂಥ ಹೆಂಗಸು, ಕೆನ್ನೆ ಒಳಗೆ ಹೋಗಿತ್ತು. ನಾನು ಹೊಸಿಲು ದಾಟಿ ಹೊರಗೆ ಬಂದೆ. "ಇವಳಲ್ಲ" ಎಂದೆ. ಮಾಮಿಯೂ ಅದನ್ನೇ ಹೇಳಿದಳು. ಹಾಗಾದರೆ ಈ ಮನೆಯನ್ನು ಯಾಕೆ ತೋರಿಸಿದೆ ಎಂದು ಪೊಲೀಸಿನವರು ತಮಿಳಿನಲ್ಲಿ ಗದರಿದರು. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಮದರಾಸಿನಲ್ಲೇ ಬೆಳೆದವರ ಕನ್ನಡ, ಬಟ್ಟೆಗೆ ತುಣಿ, ಹಸುಗೂಸಿಗೆ ಪಚ್ಚೆ ಕೊಳಂದೆ, ಬನ್ನಿ ಎನ್ನಲು ವಾಂಗೋ.

"ಬಂದಿದ್ದು ನಿಜ ಅಮ್ಮಾ. ತುಣಿ ಒಣಗಾಕಿರೋದು ನೋಡಿ, ಪಚ್ಚೆ ಕೊಳಂದೆ ಇರೋ ಮನೆ ಅಂತ ಗೊತ್ತಾಯ್ತು, ಬಂದೆ. ಒಳಗೆ ಬರ್ಲಿಲ್ಲ. ಎಷ್ಟು ಮನೆಗೆ ಹೋಗಿದೀನಿ, ಎಲ್ಲಾರೂ ವಾಂಗೋ ವಾಂಗೋ ಅಂತ ಕರ್ಕೊಂಡ್ರು. ಗಂಡನ ಕಡೆಯೋಳು ಅಂತ ಹೆಂಡ್ತಿ, ಹೆಂಡ್ತಿ ಕಡೆಯೋಳು ಅಂತ ಗಂಡ. ಒಬ್ರೂ ನನ್ನ ಕೇಳ್ಲಿಲ್ಲ. ಇಲ್ಲಿ ಒಬ್ರು ದೊಡ್ಡೋರು ಕೂತಿದ್ರು. ನೋಡಿದ ಕೂಡ್ಲೇ ಕೇಳ್ಬಿಟ್ರು, 'ಯಾರ್ ಕಳ್ಸಿದ್ ನಿನ್ನ?' ಅಂತ. ನನಗೆ ಬಾಯೇ ಕಟ್ಟೋಯ್ತು."

"ಆಮೇಲೆ?" ಎಂದೆ.

"ಆಮೇಲೆ ಬೈಲಿಲ್ಲ ಅಮ್ಮಾ. ಕೂತ್ಕೋ, ಉಂಡು ಹೋಗು ಅಂದ್ರು. ಎಲೆ ಹಾಕಿ ಗಂಜಿ ಬಡಿಸಿದ್ರು." ಅವಳು ಜಗಲಿಯ ಆ ಮೂಲೆಯನ್ನು ನೋಡಿದಳು. "ಉಂಡು ಹೋದೆ."

ಯಜಮಾನರು ಬಿಡಲಿಲ್ಲ. "ಅವಳೂ ನಿಮ್ಮ ಕೂಟದವಳೇ ತಾನೇ?"

ಕಳ್ಳಿ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು. "ನಮ್ಮ ಕೂಟದಲ್ಲಿ ಆ ಕೇಳ್ವಿ ಯಾರೂ ಕೇಳಲ್ಲ ಸಾಮಿ."

ಅವರೆಲ್ಲ ಹೋದ ಮೇಲೆ ನಾನು ಒಳಗೆ ಬಂದು, ಯಾರೂ ಹೇಳದೆಯೇ, ಸೆರಗಿನ ಗಂಟು ಬಿಚ್ಚಿ ಪೆಟ್ಟಿಗೆ ತೆರೆದೆ. ಅಪ್ಪಯ್ಯ ಹಿಂದೆ ನಿಂತಿದ್ದರು. ಮೇಲೆಯೇ ನನ್ನದೊಂದು ಹಳೆಯ ರವಿಕೆ ಬಟ್ಟೆ ಮಡಚಿಟ್ಟಿತ್ತು. ಬಿಡಿಸಿದೆ. ಅವಲಕ್ಕಿ ಸರ ಇತ್ತು. ಅದರ ಸುತ್ತ ಒಂದು ಸೇರಿನಷ್ಟು ಅಕ್ಕಿ, ಒಂದು ಅರಿಶಿನ ಕೊಂಬು, ಅಡಿಕೆ, ಬೆಲ್ಲದ ಅಚ್ಚು.

ಬಾಣಂತನ ಮುಗಿಸಿ ಮಗುವಿನೊಡನೆ ಗಂಡನ ಮನೆಗೆ ಹೊರಡುವ ಮಗಳಿಗೆ ತಾಯಿ ಮಡಿಲು ತುಂಬುತ್ತಾಳಲ್ಲ, ಅದು. ನಾನು ಹೊರಡಲು ಬೇರೆ ಮನೆಯಿರಲಿಲ್ಲ, ತಾನೇ ಹೊರಟುಹೋಗುವಾಗ ಅವರು ತುಂಬಿ ಹೋಗಿದ್ದರು. ಅಪ್ಪಯ್ಯ ಆ ಅಕ್ಕಿಯನ್ನು ಮುಟ್ಟಿ ನೋಡಿ, ಮದುವೆಯ ದಿನ ಹೋದ ಹಾಗೆಯೇ ಆಚೆ ಹೋದರು.

ಯಜಮಾನರ ಊರಿಗೂ ಬರೆದು ಕೇಳಿದೆವು. ಅವರೂ ಯಾರನ್ನೂ ಕಳಿಸಿರಲಿಲ್ಲ. ನಾನು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಯಾರೋ ದಿಕ್ಕಿಲ್ಲದ ಹೆಂಗಸು, ನಾಲ್ಕು ದಿನ ಊಟಕ್ಕೆ, ನೆರಳಿಗೆ ಬಂದಿರಬಹುದು. "ಅವಳೂ ಕಳ್ಳಿಯೇ ಕಣೇ, ಕದಿಯಲು ಮನಸ್ಸು ಬರಲಿಲ್ಲ ಅಷ್ಟೆ" ಎನ್ನುತ್ತಿದ್ದರು ಯಜಮಾನರು. ಇರಬಹುದು. ಆದರೆ ಸಾವ್ಕಾರ್ತಿಯ ಹತ್ತಿರ ಬಂದಾಗ ನನ್ನ ಯೋಚನೆಯೆಲ್ಲ ಕಾಲು ಮುರಿದುಕೊಂಡು ಕೂರುತ್ತದೆ. ಅಮ್ಮ ಬದುಕಿದ್ದರೆ ಆಗ ಅವಳಿಗೂ ಸುಮಾರು ಅದೇ ವಯಸ್ಸಾಗಿರುತ್ತಿತ್ತು. ಇದರಾಚೆ ಹೇಳಲು ನನಗೆ ಗೊತ್ತಿಲ್ಲ.

ಕಳ್ಳಿಯನ್ನು ದೊಡ್ಡಮ್ಮ ಕೇಳಿದ ಪ್ರಶ್ನೆಯನ್ನು ನಾನು ಅವರಿಗೆ ಕೇಳಲಿಲ್ಲ. ಆಮೇಲೆ ನನ್ನ ಮಗಳ ಬಾಣಂತನ ನಾನೇ ಮಾಡಿದೆ. ಆಗ ಮಧ್ಯಾಹ್ನದ ಹೊತ್ತು ಬೀದಿ ಬಾಗಿಲನ್ನು ಅಗುಳಿ ಹಾಕದೆ ಬಿಡುತ್ತಿದ್ದೆ. ಕಾಲ ಕೆಟ್ಟಿದೆ, ಕಳ್ಳರು ಬಂದಾರು ಎಂದು ಮಗಳು ಬೈಯುತ್ತಿದ್ದಳು. ಬರಲಿ, ಬಂದರೆ ಉಂಡು ಹೋಗಲಿ ಎನ್ನುತ್ತಿದ್ದೆ. ಈಗಲೂ ಬೆಲ್ಲದ ಬಣ್ಣದ ಸೀರೆಯುಟ್ಟು ಯಾರಾದರೂ ಬಾವಿಕಟ್ಟೆಯಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದರೆ, ಯಾರು ಕಳಿಸಿದ್ದು ಎಂದು ನಾನು ಕೇಳುವವಳಲ್ಲ. ಬನ್ನಿ, ನೀರು ಕಾದಿದೆ, ಈ ಸಲ ನಾನು ಎರೆಯುತ್ತೇನೆ ಎನ್ನುತ್ತೇನೆ.